ಬಿಸಿಲು ಏರಿದಾಗಲೇ ನಿಲ್ಲುತ್ತಿದ್ದ ಸೋಲಾರ್: ಗುಬ್ಬಿ ತಾಲ್ಲೂಕಿನ ಒಂದು ಮನೆಯ ರಿಪೇರಿ

ತೊಂದರೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕು, ಚೇಳೂರು ಕಡೆಯ ಒಂದು ಹಳ್ಳಿ. ನಮ್ಮ ಚಿಕ್ಕಪ್ಪನ ಮನೆ ತಾರಸಿ ಮೇಲೆ 540 ವ್ಯಾಟಿನ ಆರು ಪ್ಯಾನೆಲ್, ಮೆಟ್ಟಿಲ ಕೋಣೆಯಲ್ಲಿ 3 ಕಿಲೋವ್ಯಾಟಿನ ಸಿಂಗಲ್ ಫೇಸ್ ಗ್ರಿಡ್ ಇನ್ವರ್ಟರ್ (ಪ್ಯಾನೆಲಿನ ಡಿಸಿ ಕರೆಂಟನ್ನು ಲೈನಿಗೆ ಹೊಂದುವ ಎಸಿ ಮಾಡಿಕೊಡುವ ಪೆಟ್ಟಿಗೆ). ಸೋಲಾರ್‌ಗೆ ಬ್ಯಾಟರಿ ಇಲ್ಲ. ಮನೆಗೆ ಬೇಕಾದಷ್ಟು ಬಳಸಿ, ಉಳಿದದ್ದು ಎರಡೂ ಕಡೆ ಎಣಿಸುವ ಮೀಟರ್ ಮೂಲಕ ಬೆಸ್ಕಾಂ ಲೈನಿಗೆ ಹೋಗುತ್ತೆ. ಬೆಳಿಗ್ಗೆ ಚೆನ್ನಾಗಿ ಓಡುತ್ತೆ. ಹನ್ನೊಂದು ದಾಟಿ ಬಿಸಿಲು ಜೋರಾಗುತ್ತಿದ್ದ ಹಾಗೆ ಇನ್ವರ್ಟರ್ ಮೇಲೆ ಕೆಂಪು ದೀಪ. ಒಂದು ನಿಮಿಷ ಸುಮ್ಮನಿದ್ದು ಮತ್ತೆ ಶುರುವಾಗುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಕೆಂಪು. ಮೂರು ಗಂಟೆ ಮೇಲೆ ತಾನಾಗೇ ಸರಿಹೋಗುತ್ತೆ. 12-13 ಯೂನಿಟ್ ಬರಬೇಕಾದ ದಿನ 8 ಯೂನಿಟ್ ಬಂದರೆ ಹೆಚ್ಚು.

ಗೃಹಜ್ಯೋತಿ ಇರುವಾಗ ಸೋಲಾರ್ ಯಾಕೆ ಅಂತ ಕೇಳಬಹುದು. ಮನೆಯಲ್ಲಿ ಹಾಲು ಕರೆಯುವ ಮೆಷಿನ್, ಮೇವು ಕತ್ತರಿಸುವ ಮೆಷಿನ್, ಎರಡು ಫ್ರಿಜ್ ಇವೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಲೇಬೇಕು, ಇವರದು ಪ್ರತಿ ತಿಂಗಳೂ ದಾಟುತ್ತೆ. ಜೊತೆಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತೆ ಅಂತ ಹಾಕಿಸಿದರು.

ಇನ್ವರ್ಟರ್‌ನ ಮೊಬೈಲ್ ಆ್ಯಪ್ ತೆಗೆದು ದೋಷಗಳ ಪಟ್ಟಿ ನೋಡಿದೆ. ಎಲ್ಲಾ ಸಾಲಿನಲ್ಲೂ ಒಂದೇ ಮಾತು: ಗ್ರಿಡ್ ಓವರ್ ವೋಲ್ಟೇಜ್, ಅಂದರೆ ಲೈನ್ ಕಡೆ ವೋಲ್ಟೇಜ್ ಮಿತಿ ದಾಟಿದೆ ಅಂತ. ಹಾಕಿಕೊಟ್ಟವರಿಗೆ ಫೋನ್ ಮಾಡಿದಾಗ, "ನಿಮ್ಮ ಲೈನಲ್ಲೇ ವೋಲ್ಟೇಜ್ ಜಾಸ್ತಿ ಸಾರ್, ಸೆಟ್ಟಿಂಗ್‌ನಲ್ಲಿ ಲಿಮಿಟ್ ಏರಿಸಿಕೊಡ್ತೀವಿ, ಐದು ನಿಮಿಷದ ಕೆಲಸ" ಅಂದರು. ಬೇಡ ಅಂದೆ. ಈ ಐದು ನಿಮಿಷದ ಕೆಲಸವನ್ನು ನಮ್ಮ ಜಿಲ್ಲೆಯಲ್ಲಿ ತುಂಬಾ ಮನೆಗಳಲ್ಲಿ ನೋಡುತ್ತಿದ್ದೇನೆ. ಇದು ರಿಪೇರಿ ಅಲ್ಲ. ಬೇನೆ ಇರುವ ಜಾಗವನ್ನೇ ನೋಡದೆ ಗಂಟೆ ಹೊಡೆಯುವವನ ಬಾಯಿ ಮುಚ್ಚಿಸಿದ ಹಾಗೆ.

ಲಿಮಿಟ್ ಎಲ್ಲಿಂದ ಬಂತು ನೋಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರಲ್ಲಿ ಮಾಡಿದ ನಿಯಮದ ಪ್ರಕಾರ, ಲೈನಿನ ವೋಲ್ಟೇಜ್ 230ರ ಶೇಕಡ 110 ದಾಟಿದರೆ, ಅಥವಾ ಶೇಕಡ 80ಕ್ಕಿಂತ ಕೆಳಗಿಳಿದರೆ, ಇಂಥ ಇನ್ವರ್ಟರ್ 2 ಸೆಕೆಂಡಿನೊಳಗೆ ಲೈನ್ ಬಿಡಬೇಕು. ಅಂದರೆ ಮೇಲೆ 253 ವೋಲ್ಟ್, ಕೆಳಗೆ 184. ವೋಲ್ಟೇಜ್, ಫ್ರೀಕ್ವೆನ್ಸಿ ಎರಡೂ ಸರಿಯಾಗಿ ಕನಿಷ್ಠ 60 ಸೆಕೆಂಡ್ ನಿಂತ ಮೇಲೆ ಮಾತ್ರ ಮತ್ತೆ ಸೇರಬಹುದು. ಚಿಕ್ಕಪ್ಪನ ಇನ್ವರ್ಟರ್ ಒಂದು ನಿಮಿಷ ಸುಮ್ಮನಿರುತ್ತಿದ್ದದ್ದು ಅದಕ್ಕೇ. ಪಾಪ, ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಇನ್ನೊಂದು ಸಂಗತಿ ಗೊತ್ತಿರಬೇಕು. ನಮ್ಮ ಊರುಗಳ ಟಿಸಿ (ಟ್ರಾನ್ಸ್‌ಫಾರ್ಮರ್) 11 ಕೆವಿಯನ್ನು, ಅಂದರೆ 11,000 ವೋಲ್ಟನ್ನು, 433 ವೋಲ್ಟಿಗೆ ಇಳಿಸುತ್ತೆ. ಅದು ಮೂರು ಫೇಸಿನ ಲೆಕ್ಕ. ಒಂದು ಫೇಸಿಗೆ ತೆಗೆದರೆ 250 ವೋಲ್ಟ್. ಲೋಡ್ ಬಿದ್ದಾಗ ಇಳಿದು 230ರ ಸುತ್ತ ನಿಲ್ಲಲಿ ಅಂತ ಹಾಗೆ ಮಾಡಿದ್ದಾರೆ. ಆದರೆ ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಹಳ್ಳಿ ಮನೆಗಳ ಫೀಡರ್ ಬೇರೆ, ಪಂಪ್‌ಸೆಟ್ ಫೀಡರ್ ಬೇರೆ. ಮಧ್ಯಾಹ್ನ ಎಲ್ಲರೂ ತೋಟದಲ್ಲಿರುತ್ತಾರೆ, ಮನೆಗಳಲ್ಲಿ ಫ್ಯಾನು, ಫ್ರಿಜ್ ಬಿಟ್ಟರೆ ಲೋಡೇ ಇಲ್ಲ. ಹಾಗಾಗಿ ಬಿಸಿಲು ಏರಿದ ಹೊತ್ತಿಗೆ ಲೈನ್ ವೋಲ್ಟೇಜೂ ಮೇಲೇ ಇರುತ್ತೆ. ಇನ್ವರ್ಟರ್‌ಗೆ ಉಳಿಯುವ ಜಾಗ ತುಂಬಾ ಕಡಿಮೆ.

ಆ ಜಾಗವನ್ನು ತಿನ್ನುವುದು ನಮ್ಮದೇ ತಂತಿ. ಕರೆಂಟ್ ಮನೆಯಿಂದ ಲೈನಿನ ಕಡೆ ಹೋಗಬೇಕಾದರೆ ಇನ್ವರ್ಟರ್ ತುದಿಯಲ್ಲಿ ವೋಲ್ಟೇಜ್ ಲೈನಿಗಿಂತ ಮೇಲಿರಲೇಬೇಕು. ಎಷ್ಟು ಮೇಲೆ? ದಾರಿಯ ರೆಸಿಸ್ಟೆನ್ಸ್ (ಕರೆಂಟಿಗೆ ತಂತಿ ಒಡ್ಡುವ ತಡೆ) ಎಷ್ಟೋ, ಅದನ್ನು ಆಂಪಿಯರ್‌ನಿಂದ ಗುಣಿಸಿದರೆ ಬರುವಷ್ಟು. ತಂತಿ ಸಣ್ಣದಾದಷ್ಟೂ, ಉದ್ದವಾದಷ್ಟೂ, ಜಾಯಿಂಟ್ ಕೆಟ್ಟಷ್ಟೂ ಇನ್ವರ್ಟರ್ ತುದಿಯ ವೋಲ್ಟೇಜ್ ಏರುತ್ತೆ. ಹಾಗಾಗಿ "ಲೈನಲ್ಲಿ ವೋಲ್ಟೇಜ್ ಜಾಸ್ತಿ" ಅನ್ನುವ ಮಾತು ಅರ್ಧ ಮಾತ್ರ ನಿಜ. ಉಳಿದ ಅರ್ಧ ಎಲ್ಲಿದೆ ಅಂತ ಅಳೆದೇ ನೋಡಬೇಕು.

ಗೀಸರ್ ಹಾಕಿ ಅಳೆದದ್ದು

ಅಳತೆಗೆ ಬೇಕಾದದ್ದು ಒಂದು ಮಲ್ಟಿಮೀಟರ್, ಒಂದು ಕ್ಲ್ಯಾಂಪ್ ಮೀಟರ್ (ತಂತಿ ಬಿಚ್ಚದೆ ಆಂಪಿಯರ್ ಅಳೆಯುವುದು), ಒಂದು ಗೀಸರ್. ಎಲ್ಲಾ ಕಡೆ ಒಂದೇ ಮೀಟರಲ್ಲಿ ಅಳೆಯಿರಿ. ಇನ್ವರ್ಟರ್ ತೋರಿಸುವ ಅಂಕಿಗೂ ನಮ್ಮ ಮೀಟರಿಗೂ ಎರಡು ವೋಲ್ಟ್ ವ್ಯತ್ಯಾಸ ಇರುವುದು ಮಾಮೂಲು, ಇಲ್ಲಿ ನಾವು ಹುಡುಕುತ್ತಿರುವುದೂ ಅಷ್ಟೇ ಸಣ್ಣ ವ್ಯತ್ಯಾಸಗಳನ್ನು.

ಮಧ್ಯಾಹ್ನ ಸೋಲಾರ್ ಆಫ್ ಮಾಡಿ, ಮನೆ ಲೋಡೂ ತೆಗೆದು, ಮೀಟರ್ ಬೋರ್ಡಿನಲ್ಲಿ ನೋಡಿದರೆ 241 ವೋಲ್ಟ್. ಇದು ಲೈನಿನ ಸ್ವಂತ ವೋಲ್ಟೇಜ್. 253ಕ್ಕೆ ಇನ್ನೂ 12 ವೋಲ್ಟ್ ಬಾಕಿ ಇದೆ. ಅಂದರೆ ಲೈನ್ ಒಂದನ್ನೇ ದೂರುವ ಹಾಗಿಲ್ಲ.

ಆಮೇಲೆ 2 ಕಿಲೋವ್ಯಾಟಿನ ಗೀಸರ್ ಆನ್ ಮಾಡಿದೆ, ಸೋಲಾರ್ ಆಫೇ ಇರಲಿ. ಸುಮಾರು 9 ಆಂಪಿಯರ್ ಎಳೆಯಿತು. 241 ಇದ್ದದ್ದು 232ಕ್ಕೆ ಇಳಿಯಿತು. ಲೈನ್ ವೋಲ್ಟೇಜ್ ತಾನೇ ಆಡುತ್ತಿರುತ್ತೆ, ಅದಕ್ಕೇ ಗೀಸರನ್ನು ಬೇಗ ಬೇಗ ಹಾಕಿ ತೆಗೆದು ಮಾಡಿ ನೋಡಿದೆ. ಪ್ರತಿ ಸಲವೂ 9 ವೋಲ್ಟ್ ಇಳಿತ. 9 ಆಂಪಿಯರಿಗೆ 9 ವೋಲ್ಟ್, ಅಂದರೆ ಮೀಟರಿನಿಂದ ಹೊರಗಿನ ದಾರಿಗೆ ಹತ್ತಿರ ಹತ್ತಿರ 1 ಓಮ್ ರೆಸಿಸ್ಟೆನ್ಸ್.

ಇದರಲ್ಲಿ ಇರುವ ಅನುಕೂಲ ಗಮನಿಸಿ. ರೆಸಿಸ್ಟೆನ್ಸಿಗೆ ಕರೆಂಟ್ ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಗೊತ್ತಾಗಲ್ಲ. ಗೀಸರ್ ಹಾಕಿದಾಗ ಎಷ್ಟು ಇಳಿಯುತ್ತೋ, ಅಷ್ಟೇ ಆಂಪಿಯರ್ ಸೋಲಾರ್ ಹೊರಗೆ ಕಳಿಸಿದಾಗ ಅಷ್ಟೇ ಏರುತ್ತೆ. ಇದನ್ನು ಸೋಲಾರ್ ಹಾಕಿಸುವ ಮೊದಲೇ, ರಾತ್ರಿ ಹೊತ್ತಲ್ಲೂ ಅಳೆಯಬಹುದು. ಗೀಸರ್ ಇಲ್ಲದವರು ಇಸ್ತ್ರಿ ಪೆಟ್ಟಿಗೆ ಹಾಕಿ ನೋಡಿ. ಪ್ಯಾನೆಲ್ ಮಾರಲು ಬರುವವರೆಲ್ಲ ಈ ಒಂದು ಪರೀಕ್ಷೆ ಮಾಡಿ ಆಮೇಲೆ ರೇಟ್ ಮಾತಾಡಬೇಕು ಅಂತ ನನ್ನ ಆಸೆ. ತಾರಸಿ ಅಳೆಯುತ್ತಾರೆ, ನೆರಳು ನೋಡುತ್ತಾರೆ, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಕಡೆ ತಲೆ ಎತ್ತಿಯೂ ನೋಡಲ್ಲ.

ಇನ್ನು ಇನ್ವರ್ಟರಿಂದ ಮೀಟರ್ ತನಕದ ದಾರಿ. ಗೀಸರ್ ಉರಿಯುತ್ತಿರುವಾಗಲೇ ಸೋಲಾರ್ ಆನ್ ಮಾಡಿದೆ. ಸೋಲಾರ್ ಕರೆಂಟಿನ ಬಹುಪಾಲು ಗೀಸರಿಗೇ ಹೋಗುವುದರಿಂದ ಹೊರಗೆ ಹೋಗುವುದು ಎರಡು ಆಂಪಿಯರ್ ಅಷ್ಟೇ. ಇನ್ವರ್ಟರ್ ಟ್ರಿಪ್ ಆಗದೆ ಪೂರ್ತಿ 11 ಆಂಪಿಯರ್ ಕೊಟ್ಟು ಓಡಿತು. ಮೀಟರ್ ಬೋರ್ಡಿನಲ್ಲಿ 243, ಮೇಲೆ ಇನ್ವರ್ಟರ್ ಟರ್ಮಿನಲ್ಲಿನಲ್ಲಿ 247. ಮನೆಯೊಳಗಿನ ವೈರಿಂಗ್‌ನಲ್ಲೇ 4 ವೋಲ್ಟ್ ಏರಿಕೆ!

ಈಗ ಲೆಕ್ಕ ಕೂಡಿಸಿ. ಗೀಸರ್ ಇಲ್ಲದೆ 11 ಆಂಪಿಯರ್ ಹೊರಗೆ ಹೋದರೆ ಹೊರಗಿನ ದಾರಿಗೆ 11 ವೋಲ್ಟ್, ಒಳಗಿನದಕ್ಕೆ 4. 241ಕ್ಕೆ 15 ಸೇರಿಸಿದರೆ 256. ಟ್ರಿಪ್ ಆಗದೆ ಇನ್ನೇನು?

ಒಳಗಿನ 4 ವೋಲ್ಟ್ ಸುಲಭವಾಗಿ ಅರ್ಥವಾಯಿತು. ಇನ್ವರ್ಟರಿಂದ ಮೀಟರ್ ತನಕ ಪೈಪಿನಲ್ಲಿ 25 ಮೀಟರ್, 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದಿದ್ದರು. ಆ ವೈರಿಗೆ ಕಿಲೋಮೀಟರಿಗೆ 7.41 ಓಮ್. ಹೋಗಿಬರುವ ದಾರಿ 50 ಮೀಟರಿಗೆ 0.37 ಓಮ್, 11 ಆಂಪಿಯರಿಗೆ 4 ವೋಲ್ಟ್. ಇನ್ವರ್ಟರ್ ಹೆಚ್ಚೆಂದರೆ ಕೊಡುವ 13 ಆಂಪಿಯರನ್ನು ಈ ವೈರ್ ತಡೆದುಕೊಳ್ಳುತ್ತೆ, ಬಿಸಿಯಾಗಲ್ಲ, ಅಷ್ಟು ನೋಡಿ ಹಾಕಿದ್ದಾರೆ. ಆದರೆ ಸೋಲಾರಿಗೆ ವೈರ್ ಸುಡದಿದ್ದರೆ ಸಾಲದು, ವೋಲ್ಟೇಜೂ ಏರಬಾರದು. ಅದನ್ನು ಬೇರೆಯಾಗಿ ಲೆಕ್ಕ ಹಾಕಬೇಕು.

ಹೊರಗಿನ 1 ಓಮ್ ಮಾತ್ರ ಪೂರ್ತಿ ಹೊಂದಲಿಲ್ಲ. ಮನೆಯಿಂದ ಕಂಬಕ್ಕೆ 45 ಮೀಟರ್, ತೆಂಗಿನ ಸಾಲಿನ ಮಧ್ಯೆ ಹಾದುಹೋಗುವ ಹಳೇ ಸರ್ವಿಸ್ ವೈರ್, 4 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ. ಅದಕ್ಕೂ ಕಿಲೋಮೀಟರಿಗೆ 7.41 ಓಮ್. 90 ಮೀಟರಿಗೆ 0.67 ಓಮ್ ಆಯಿತು. ಉಳಿದ 0.33 ಎಲ್ಲಿ? ಟಿಸಿ ಮೂರೇ ಕಂಬ ಆಚೆ, ಲೈನಿಗೆ ಅಷ್ಟು ಬರಲ್ಲ. ಯಾವುದೋ ಜಾಯಿಂಟ್ ಇರಬೇಕು. ಮೀಟರ್ ಬೋರ್ಡಿನ ಸ್ಕ್ರೂಗಳು ಗಟ್ಟಿಯಾಗಿದ್ದವು. ಹಾಗಾದರೆ ಕಂಬದ ಮೇಲೆ.

ಕಂಬದ ಮೇಲಿನ ಜಾಯಿಂಟ್

ಕಂಬ ಹತ್ತುವುದು ನಮ್ಮ ಕೆಲಸ ಅಲ್ಲ. ಎಷ್ಟೇ ವೈರಿಂಗ್ ಗೊತ್ತಿದ್ದರೂ ಹತ್ತಬಾರದು. ಸೆಕ್ಷನ್ ಆಫೀಸಿಗೆ ಹೋಗಿ ಆರ್‌ಆರ್ ನಂಬರ್ ಬರೆದು, ಅಳತೆ ತೋರಿಸಿ, ಸರ್ವಿಸ್ ವೈರ್ ಬದಲಾಯಿಸಿಕೊಡಿ ಅಂತ ಅರ್ಜಿ ಕೊಟ್ಟೆವು, ಕೇಬಲ್ ನಾವೇ ತಂದುಕೊಡುತ್ತೇವೆ ಅಂತಲೂ ಬರೆದೆವು. ಪವರ್‌ಮ್ಯಾನ್ ಅಣ್ಣ ಬಂದವರು ಮೊದಲು ಕೇಳಿದ್ದು, "ಮನೇಲಿ ಸೋಲಾರ್ ಐತಲ್ವಾ? ಅದನ್ನ ಆಫ್ ಮಾಡಿ ಬೀಗ ಹಾಕಿ. ಬೀಗದ ಕೈ ನನ್ನ ಹತ್ರ ಇರ್ಲಿ." ನನಗೆ ತುಂಬಾ ಇಷ್ಟವಾದ ಮಾತು ಅದು. ಇನ್ವರ್ಟರ್ ತಾನಾಗೇ ನಿಲ್ಲುತ್ತೆ ಅಂತ ನಂಬಿ ಯಾರೂ ತಂತಿ ಮುಟ್ಟಬಾರದು. ಎಸಿ ಬ್ರೇಕರ್ ಇಳಿಸಿ, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈ ಅವರಿಗೆ ಕೊಟ್ಟೆ. ಅವರು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿಸಿ ಕೆಲಸಕ್ಕೆ ಅನುಮತಿ) ತಗೊಂಡು, ಟೆಸ್ಟ್ ಮಾಡಿ, ತಂತಿಗಳನ್ನು ಶಾರ್ಟ್ ಮಾಡಿ ಅರ್ಥ್ ಕೊಟ್ಟ ಮೇಲೇ ಏಣಿ ಹತ್ತಿದರು.

ಕೆಳಗಿಳಿಸಿದ ತುಂಡು ಈಗಲೂ ನನ್ನ ಟೂಲ್ ಬ್ಯಾಗಲ್ಲಿದೆ. ನ್ಯೂಟ್ರಲ್ ಕಡೆಯ ಜಾಯಿಂಟ್. ಯಾವಾಗಲೋ ತೆಂಗಿನ ಸೋಗೆ ಬಿದ್ದು ಸರ್ವಿಸ್ ವೈರ್ ತುದಿ ಮುರಿದಿರಬೇಕು. ಯಾರೋ ಒಂದು ಗೇಣು ತಾಮ್ರದ ವೈರ್ ಸೇರಿಸಿ, ಅದನ್ನು ಲೈನಿನ ಅಲ್ಯೂಮಿನಿಯಂ ತಂತಿಗೆ ಸುತ್ತಿಬಿಟ್ಟಿದ್ದರು. ತಾಮ್ರ, ಅಲ್ಯೂಮಿನಿಯಂ ನೇರವಾಗಿ ಸೇರಿ, ಮೇಲೆ ಮಳೆ ನೀರು ಬಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತೆ. ಸುತ್ತಿದ ಜಾಗದಲ್ಲಿ ಸುಣ್ಣದಂಥ ಬಿಳಿ ಪುಡಿ, ತಾಮ್ರದ ಮೇಲೆ ಹಸಿರು ಕಿಲುಬು. ಏಳು ಎಳೆಯಲ್ಲಿ ನಾಲ್ಕು ಕಡಿದುಹೋಗಿದ್ದವು. ಇನ್ಸುಲೇಷನ್ ಎರಡು ಬೆರಳಷ್ಟು ಉದ್ದ ಕರಟಿ, ಮುಟ್ಟಿದರೆ ಉದುರುತ್ತಿತ್ತು. ಅಲ್ಲಿ ಕಾಲು ಓಮ್ ಇತ್ತು ಅಂದುಕೊಂಡರೂ 11 ಆಂಪಿಯರಿಗೆ 30 ವ್ಯಾಟ್ ಬಿಸಿ, ದಿನಾ ಮಧ್ಯಾಹ್ನ, ಒಣಗಿದ ಗರಿಗಳ ಪಕ್ಕದಲ್ಲಿ.

ಲಿಮಿಟ್ ಏರಿಸಿದ್ದರೆ ಏನಾಗುತ್ತಿತ್ತು ಅಂತ ಇಲ್ಲಿ ಯೋಚಿಸಿ. ಇನ್ವರ್ಟರ್ ನಿಲ್ಲದೆ ಓಡುತ್ತಿತ್ತು. ಆ ಜಾಯಿಂಟ್ ಇನ್ನೂ ಹೆಚ್ಚು ಬಿಸಿಯಾಗುತ್ತಿತ್ತು. ಹೆಚ್ಚಿನ ವೋಲ್ಟೇಜ್ ಮೊದಲು ಬೀಳುತ್ತಿದ್ದದ್ದು ಚಿಕ್ಕಪ್ಪನ ಮನೆಯ ಫ್ರಿಜ್, ಟಿವಿ, ಎಲ್‌ಇಡಿಗಳ ಮೇಲೇ. ಕೊನೆಗೆ ನ್ಯೂಟ್ರಲ್ ಕಡಿದುಹೋಗಿದ್ದರೆ? ಮನೆ ಲೋಡಿಗೆ ಹಿಂದಿರುಗುವ ದಾರಿ ತಪ್ಪಿ, ಮನೆಯೊಳಗಿನ ನ್ಯೂಟ್ರಲ್ಲಿಗೂ ಕರೆಂಟ್ ಬಂದು ನಿಲ್ಲುತ್ತೆ. ಇನ್ವರ್ಟರ್ ಬಿಡದೆ ಹೊಡೆದ ಅಲಾರಂ ಆ ಮನೆಗೆ ದೊಡ್ಡ ಉಪಕಾರ ಮಾಡಿದೆ.

ಹಾಕಿದ್ದು ಏನೇನು

ಕಂಬದಿಂದ ಮೀಟರ್ ತನಕ ಎರಡು ಕೋರಿನ 16 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಕೇಬಲ್. ಕಿಲೋಮೀಟರಿಗೆ 1.91 ಓಮ್, 90 ಮೀಟರಿಗೆ 0.17. ಕಂಬದ ಮೇಲೆ ಸುತ್ತುವ ಬದಲು ಪಿಜಿ ಕ್ಲ್ಯಾಂಪ್ (ಎರಡು ತಂತಿಗಳನ್ನು ಬೋಲ್ಟ್ ಹಾಕಿ ಒತ್ತಿ ಹಿಡಿಯುವುದು). ಹಾಕುವ ಮೊದಲು ತಂತಿಯನ್ನು ವೈರ್ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿ, ತಕ್ಷಣ ಗ್ರೀಸ್ ಹಚ್ಚಿದರು. ಅಲ್ಯೂಮಿನಿಯಂ ಮೇಲೆ ಗಾಳಿಗೇ ಪೊರೆ ಕಟ್ಟುತ್ತೆ, ಉಜ್ಜಿ ಹಾಗೇ ಬಿಟ್ಟರೆ ಉಜ್ಜಿದ್ದು ವ್ಯರ್ಥ. ಕೇಬಲ್ ಭಾರ ತಡೆಯಲು ಜಿಐ ತಂತಿ ಎಳೆದು ಅದಕ್ಕೆ ಕಟ್ಟಿದೆವು. ಮೇಲೆ ಬಾಗಿದ್ದ ಸೋಗೆಗಳನ್ನು ಚಿಕ್ಕಪ್ಪ ಮೊದಲೇ ಇಳಿಸಿಸಿದ್ದರು. ಮೀಟರ್ ಕಡೆ ಬೈಮೆಟಲ್ ಪಿನ್ ಲಗ್ (ಒಂದು ತುದಿ ಅಲ್ಯೂಮಿನಿಯಂ, ಇನ್ನೊಂದು ತಾಮ್ರ) ಹಾಕಿ ಒತ್ತಿ ಕ್ರಿಂಪ್ ಮಾಡಿದೆವು. ಮೀಟರ್ ಸೀಲ್ ಬಿಚ್ಚಿ ಮತ್ತೆ ಹಾಕಿದ್ದು ಪವರ್‌ಮ್ಯಾನ್ ಅಣ್ಣನೇ.

ಒಳಗೆ 2.5 ತೆಗೆದು 6 ಸ್ಕ್ವೇರ್ ಎಂಎಂ ತಾಮ್ರ ಎಳೆದೆ. ಹಳೇ ಪೈಪಿನಲ್ಲಿ ಎರಡು ಬೆಂಡ್ ಇದ್ದು ವೈರ್ ಹೋಗಲಿಲ್ಲ, ಹೊರಗೋಡೆ ಮೇಲೆ ಹೊಸ ಪೈಪ್ ಹಾಕಬೇಕಾಯಿತು. ಇನ್ವರ್ಟರನ್ನೇ ಕೆಳಗೆ ಮೀಟರ್ ಪಕ್ಕ ತರುವ ಯೋಚನೆಯೂ ಇತ್ತು. ಹೊಸದಾಗಿ ಹಾಕಿಸುವವರಿಗೆ ಅದನ್ನೇ ಹೇಳುತ್ತೇನೆ: ಇನ್ವರ್ಟರ್ ಮೀಟರಿಗೆ ಹತ್ತಿರ ಇರಲಿ, ಉದ್ದ ಬೇಕಾದರೆ ಡಿಸಿ ಕಡೆ ಇರಲಿ. ಪ್ಯಾನೆಲ್ ಕಡೆಯ ತಂತಿಯಲ್ಲಿ ಒಂದೆರಡು ವೋಲ್ಟ್ ಹೋದರೆ ಸ್ವಲ್ಪ ಯೂನಿಟ್ ಕಡಿಮೆಯಾಗುತ್ತೆ, ಟ್ರಿಪ್ ಆಗಲ್ಲ. ಇಲ್ಲಿ ಮೀಟರ್ ಗೋಡೆಗೆ ಪಡುವಣ ಬಿಸಿಲು ನೇರವಾಗಿ ಬಡಿಯುತ್ತೆ, ಅದಕ್ಕೆ ಮೆಟ್ಟಿಲ ಕೋಣೆಯಲ್ಲೇ ಬಿಟ್ಟೆ.

ಕೆಲಸ ಮಾಡುವಾಗಿನ ಕ್ರಮ ಹೇಳಲೇಬೇಕು. ಮೊದಲು ಎಸಿ ಬ್ರೇಕರ್, ಆಮೇಲೆ ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಸ್ವಿಚ್), ಆಮೇಲೆ ಇನ್ವರ್ಟರ್ ಒಳಗಿನ ಕೆಪಾಸಿಟರ್‌ಗಳು ಖಾಲಿಯಾಗಲು ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಈ ಆರು ಪ್ಯಾನೆಲ್ ಸಾಲಾಗಿ ಸೇರಿದರೆ ಹತ್ತಿರ ಹತ್ತಿರ 300 ವೋಲ್ಟ್ ಡಿಸಿ. ಸೂರ್ಯ ಇರುವ ತನಕ ಅದನ್ನು ಆಫ್ ಮಾಡಲು ಆಗಲ್ಲ. ಲೋಡ್ ಇರುವಾಗ ಪ್ಯಾನೆಲ್ ವೈರ್ ಜೋಡಿಸುವ ಎಂಸಿ ಫೋರ್ ಕನೆಕ್ಟರ್ ಕಿತ್ತರೆ ಕಿಡಿ ಹತ್ತಿ ಅದು ಆರುವುದೇ ಇಲ್ಲ, ಡಿಸಿಯಲ್ಲಿ ಎಸಿಯ ಹಾಗೆ ಸೊನ್ನೆ ದಾಟುವ ಗಳಿಗೆ ಇಲ್ಲ. ಕೈ, ಮುಖ ಸುಟ್ಟುಕೊಳ್ಳಲು ಅಷ್ಟು ಸಾಕು.

ಎಲ್ಲಾ ಜೋಡಿಸಿ ಮತ್ತೆ ಗೀಸರ್ ಪರೀಕ್ಷೆ. 241 ಇದ್ದದ್ದು 238.5ಕ್ಕೆ ಇಳಿಯಿತು, ಅಷ್ಟೇ. 9 ವೋಲ್ಟಿನ ಇಳಿತ ಎರಡೂವರೆಗೆ ಬಂತು. ಗೀಸರ್ ತೆಗೆದು ಸೋಲಾರ್ ಪೂರ್ತಿ ಬಿಟ್ಟಾಗ ಇನ್ವರ್ಟರ್ ತುದಿಯಲ್ಲಿ 246. ಲೆಕ್ಕ ಹಾಕಿದ್ದೂ ಅಷ್ಟೇ ಇತ್ತು. ಕಾಗದದ ಮೇಲಿನ ಅಂಕಿ ಮೀಟರಿನಲ್ಲಿ ಕಂಡಾಗ ಆಗುವ ಖುಷಿ, ಈ ಕೆಲಸ ಮಾಡುವವರಿಗೆ ಗೊತ್ತು.

ಪವರ್‌ಮ್ಯಾನ್ ಅಣ್ಣ ಇನ್ನೊಂದು ಸಹಾಯ ಮಾಡಿದರು. ಟಿಸಿಯ ಮೂರೂ ಫೇಸ್ ಅಳೆದು ನೋಡಿ, ನಮ್ಮ ಮನೆ ಇರುವ ಫೇಸಿನಲ್ಲಿ ಲೋಡ್ ಎಲ್ಲಕ್ಕಿಂತ ಕಡಿಮೆ ಅಂದರು. ಹಿಟ್ಟಿನ ಗಿರಣಿ ಪಕ್ಕದ ಸಾಲು ಮನೆಗಳಿರುವ ಫೇಸಿಗೆ ನಮ್ಮ ಸರ್ವಿಸ್ ಬದಲಾಯಿಸಿದರು. ಅಲ್ಲಿ ಮಧ್ಯಾಹ್ನ ಲೈನ್ ವೋಲ್ಟೇಜ್ 236-237. ಈಗ ಜೋರು ಬಿಸಿಲಲ್ಲೂ ಇನ್ವರ್ಟರ್ 242ರ ಆಸುಪಾಸು ಇರುತ್ತೆ. ಆ ಸಾಲಿನ ಮನೆಗಳಿಗೂ ಇದರಿಂದ ಒಳ್ಳೆಯದೇ, ಅವರ ಲೋಡಿಗೆ ಪಕ್ಕದಿಂದಲೇ ಕರೆಂಟ್ ಸಿಗುತ್ತೆ. ಒಂದು ಕಾಸೂ ಖರ್ಚಿಲ್ಲದ ಪರಿಹಾರ ಇದು, ಕೇಳಬೇಕು ಅಷ್ಟೇ.

ಕೆಲವು ಇನ್ವರ್ಟರ್‌ಗಳಲ್ಲಿ ವೋಲ್ಟೇಜ್ ಏರಿದಾಗ ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಿನಲ್ಲಿ ಹೋಗಿಬರುವ ಪವರ್) ಹೊಂದಿಸಿ ಅದನ್ನು ಇಳಿಸುವ ಸೌಲಭ್ಯ ಇರುತ್ತೆ. ದೊಡ್ಡ ಲೈನ್‌ಗಳಲ್ಲಿ ಅದು ತುಂಬಾ ಉಪಯೋಗ. ನಮ್ಮ ಸಣ್ಣ ಸರ್ವಿಸ್ ವೈರ್ ಬರೀ ರೆಸಿಸ್ಟೆನ್ಸೇ ಆದ್ದರಿಂದ ಇಲ್ಲಿ ಅದರಿಂದ ಹೆಚ್ಚೇನೂ ಸಿಗಲ್ಲ. ಇದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನ ಕರೆಂಟನ್ನು 220 ಕೆವಿಗೆ ಏರಿಸಿ ಕಳಿಸುತ್ತಾರೆ. ವೋಲ್ಟೇಜ್ ಏರಿಸಿದರೆ ಆಂಪಿಯರ್ ಕಡಿಮೆ, ದಾರಿಯಲ್ಲಿ ಹೋಗುವುದೂ ಕಡಿಮೆ. ಮನೆಗೆ ಆ ದಾರಿ ಇಲ್ಲ, ನಮಗಿರುವುದು ದಪ್ಪ ತಂತಿ ಒಂದೇ.

ಚಿಕ್ಕಮ್ಮನ ಪ್ರಶ್ನೆ

ಎಲ್‌ಸಿ ತಗೊಂಡು ಕೆಲಸ ನಡೆಯುತ್ತಿರುವಾಗ ಚಿಕ್ಕಮ್ಮ ಕೇಳಿದರು. "ಅಲ್ಲ ಕಣಪ್ಪ, ಬಿಸ್ಲು ಹಿಂಗೆ ಸುರೀತೈತೆ, ಮನೇಲಿ ಕರೆಂಟ್ ಇಲ್ಲ. ಇನ್ಯಾಕೆ ಈ ಸೋಲಾರು?"

"ಚಿಕ್ಕಮ್ಮ, ಅಣ್ಣ ಕಂಬದ ಮೇಲೆ ಇದ್ದಾರೆ ನೋಡಿ. ಈಗ ನಮ್ಮನೆ ಸೋಲಾರ್ ಓಡ್ತಿದ್ರೆ ಆ ತಂತೀಲಿ ನಮ್ಮ ಕರೆಂಟ್ ಇರ್ತಿತ್ತು."

ಚಿಕ್ಕಮ್ಮ ಕಂಬದ ಕಡೆ ನೋಡಿದರು, ಮತ್ತೆ ಆ ಮಾತು ಎತ್ತಲಿಲ್ಲ. ಗ್ರಿಡ್ ಇನ್ವರ್ಟರ್ ಲೈನಿನ ಅಲೆಯನ್ನು ನೋಡಿಕೊಂಡು ಅದಕ್ಕೆ ಹೊಂದಿಸಿಯೇ ಕರೆಂಟ್ ಕೊಡುತ್ತೆ. ಲೈನ್ ಸತ್ತರೆ 2 ಸೆಕೆಂಡಿನೊಳಗೆ ಅದೂ ನಿಲ್ಲಬೇಕು ಅಂತ ನಿಯಮ. ಫ್ರೀಕ್ವೆನ್ಸಿ 50.5 ಹರ್ಟ್ಸ್ ದಾಟಿದರೆ, 47.5ಕ್ಕಿಂತ ಇಳಿದರೆ ಅದಕ್ಕಿಂತಲೂ ಬೇಗ. ಕರೆಂಟ್ ಹೋದಾಗಲೂ ಬೆಳಕು ಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ತಗೋಬೇಕು, ಅದು ಲೈನಿನಿಂದ ಬೇರೆಯಾಗಿ ನಿಂತು ಮನೆಗೆ ಮಾತ್ರ ಕೊಡುತ್ತೆ. ಇವರ ಮನೆಯಲ್ಲಿ ಲೈಟಿಗೆ, ಫ್ಯಾನಿಗೆ ಹಳೇ ಬ್ಯಾಟರಿ ಯುಪಿಎಸ್ ಇದೆ, ಸಾಕು. ಸೋಲಾರ್ ವೈರ್ ಆ ಯುಪಿಎಸ್‌ನ ಔಟ್‌ಪುಟ್ ಕಡೆ ಎಲ್ಲಾದರೂ ಸೇರಿದೆಯಾ ಅಂತ ಮಾತ್ರ ಬಿಡಿಸಿ ನೋಡಿದೆ. ಸೇರಿದ್ದರೆ, ಕರೆಂಟ್ ಹೋದಾಗ ಸೋಲಾರ್ ಇನ್ವರ್ಟರ್ ಯುಪಿಎಸ್ ಕರೆಂಟನ್ನೇ ಲೈನ್ ಅಂದುಕೊಂಡು ಅದರೊಳಕ್ಕೆ ತಳ್ಳಲು ಹೋಗಬಹುದು, ಯುಪಿಎಸ್ ಸುಟ್ಟುಹೋಗುತ್ತೆ. ಇಲ್ಲಿ ಸರಿಯಾಗಿತ್ತು, ಸೋಲಾರ್ ನೇರವಾಗಿ ಮೇನ್ ಸ್ವಿಚ್ ಹತ್ತಿರವೇ ಸೇರುತ್ತಿತ್ತು. ಜನರೇಟರ್ ಇಟ್ಟುಕೊಂಡವರೂ ಇದನ್ನು ನೋಡಿಕೊಳ್ಳಿ.

ಈಗ ಮೋಡ ಇಲ್ಲದ ದಿನ 13 ಯೂನಿಟ್ ದಾಟುತ್ತಿದೆ. ಆ್ಯಪ್‌ನ ದೋಷಗಳ ಪಟ್ಟಿಯಲ್ಲಿ ಓವರ್ ವೋಲ್ಟೇಜ್ ಮತ್ತೆ ಬಂದಿಲ್ಲ. ಪಕ್ಕದ ಮನೆಯವರೂ ಸೋಲಾರ್ ಹಾಕಿಸಬೇಕು ಅಂತಿದ್ದಾರೆ, ಅದೇ ಟಿಸಿ, ಕಂಬಕ್ಕೆ ಇನ್ನೂ ದೂರ. ಅವರ ಮನೆಯಲ್ಲೂ ಗೀಸರ್ ಹಾಕಿ ನೋಡಿದೆ. 13 ವೋಲ್ಟ್ ಇಳಿಯಿತು. ಮೊದಲು ಸರ್ವಿಸ್ ವೈರ್, ಆಮೇಲೆ ಪ್ಯಾನೆಲ್ ಅಂತ ಹೇಳಿ, 16 ಸ್ಕ್ವೇರ್ ಎಂಎಂ ಕೇಬಲ್ ಎಷ್ಟು ಮೀಟರ್ ಬೇಕು ಅಂತ ಬರೆದುಕೊಟ್ಟು ಬಂದಿದ್ದೇನೆ.